ಆರು ಪ್ಯಾನಲ್, ಒಂದು ಲಿಥಿಯಂ ಬ್ಯಾಟರಿ: ಪುಣೆಯ ಮನೆಗಳಿಗೆ ಬರುತ್ತಿರುವ ಹೈಬ್ರಿಡ್ ಸೋಲಾರ್ ಪ್ಯಾಕೇಜ್ ಹೇಗಿದೆ?

ಪುಣೆಯ ರೋ ಹೌಸ್, ಬಂಗಲೆಗಳ ಮಾಲೀಕರ ಕೈಗೆ ಈಗ ಬರುವ ಸೋಲಾರ್ ಕೊಟೇಶನ್‌ಗಳಲ್ಲಿ ಒಂದು ಜೋಡಣೆ ಪದೇ ಪದೇ ಕಾಣುತ್ತದೆ: 545 ವ್ಯಾಟ್‌ನ ಆರು ಪ್ಯಾನಲ್, ಪ್ಯಾನಲ್, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವ 5 ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್, 51.2 ವೋಲ್ಟ್ 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿ. ಮೇಲಿನ ಸ್ಟಿಕರ್ ಬೇರೆ ಬೇರೆ, ಒಳಗಿನ ಸರಕು ಹೆಚ್ಚೂಕಮ್ಮಿ ಒಂದೇ. ಆದ್ದರಿಂದ ಈ ವಿಮರ್ಶೆ ಒಂದು ಬ್ರ್ಯಾಂಡಿನದ್ದಲ್ಲ, ಆ ಜೋಡಣೆಯದ್ದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಸರಕು ಗಟ್ಟಿ. ಆದರೆ ಅದನ್ನು ಮಾರುವಾಗ ಹೇಳುವ ಕಾರಣ ತಪ್ಪು. ‘ಬ್ಯಾಟರಿ ಹಾಕಿಸಿ, ಬಿಲ್ ಸೊನ್ನೆಯಾಗುತ್ತದೆ’ ಎಂಬ ಮಾತನ್ನು ನಂಬಿ ಹಣ ಕೊಡಬೇಡಿ. ಬಿಲ್ ಇಳಿಸುವುದು ಪ್ಯಾನಲ್ ಮತ್ತು ನೆಟ್ ಮೀಟರ್. ಹಗಲು ಹೊರಗೆ ಕಳಿಸಿದ ಯೂನಿಟ್ಟನ್ನು ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿಯಾದ ಮಹಾವಿತರಣ ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ, ರಾತ್ರಿ ಬಳಸಿದ್ದರಲ್ಲಿ ಕಳೆಯುತ್ತದೆ. ಅದೇ ಯೂನಿಟ್ಟನ್ನು ಬ್ಯಾಟರಿಗೆ ತುಂಬಿ ರಾತ್ರಿ ತೆಗೆದರೆ ನೂರಕ್ಕೆ 10–15ರಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಜೊತೆಗೆ ಬ್ಯಾಟರಿಯ ಆಯುಷ್ಯವೂ ಸವೆಯುತ್ತದೆ. ನೆಟ್ ಮೀಟರ್ ಇರುವ ಮನೆಯಲ್ಲಿ ಬ್ಯಾಟರಿಗೆ ಇರುವುದು ಒಂದೇ ಕೆಲಸ: ಕರೆಂಟ್ ಹೋದಾಗ ಮನೆ ನಡೆಸುವುದು. ಈ ಒಂದು ಕೆಲಸಕ್ಕೆ ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಕೊಟೇಶನ್ನಿನ ಮೇಲೆ ಲಕ್ಷ ದಾಟುವ ಹಣ ಕೊಡಲು ನಿಮಗೆ ಕಾರಣವಿದೆಯೇ ಎಂಬುದೇ ಮೊದಲ ಪ್ರಶ್ನೆ.

ಪುಣೆಯಲ್ಲಿ ಹಲವರಿಗೆ ಕಾರಣವಿದೆ. ಗುರುವಾರದ ಮೆಂಟೆನೆನ್ಸ್ ಶಟ್‌ಡೌನ್, ಏಪ್ರಿಲ್-ಮೇ ತಿಂಗಳ ವಳೀವ್ (ಮುಂಗಾರಿಗೆ ಮುಂಚಿನ) ಮಳೆಗೆ ತಂತಿಯ ಮೇಲೆ ಬೀಳುವ ಮರ, ಊರಂಚಿನ ಹೊಸ ಬಡಾವಣೆಗಳಲ್ಲಿ ಲೋಡ್ ತಾಳದ ಟ್ರಾನ್ಸ್‌ಫಾರ್ಮರ್. ಮನೆಯಿಂದಲೇ ಕೆಲಸ ಮಾಡುವವರು, ಆಕ್ಸಿಜನ್ ಯಂತ್ರದ ಮೇಲಿರುವ ಹಿರಿಯರು ಮನೆಯಲ್ಲಿದ್ದರೆ ಈ ಹಣ ದಂಡವಲ್ಲ. ಬರೀ ಸೋಲಾರ್ ಹಾಕಿದರೆ ಕರೆಂಟ್ ಹೋದಾಗಲೂ ಮನೆ ನಡೆಯುತ್ತದೆ ಎಂದು ತಿಳಿದವರು ಇನ್ನೂ ಬಹಳ. ಹಾಗಾಗುವುದಿಲ್ಲ. ಲೈನ್‌ಮನ್ ಕಂಬದ ಮೇಲಿದ್ದಾಗ ನಿಮ್ಮ ಮನೆಯಿಂದ ತಂತಿಗೆ ವಿದ್ಯುತ್ ಹರಿಯಬಾರದೆಂದು ಆನ್‌ಗ್ರಿಡ್ ಇನ್ವರ್ಟರ್ ಗ್ರಿಡ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ತಲೆಯ ಮೇಲೆ ಎಷ್ಟೇ ಬಿಸಿಲಿರಲಿ.

ಇನ್ನು ಇನ್ವರ್ಟರಿನ ಸೆಟ್ಟಿಂಗ್. ಈ ಪ್ಯಾಕೇಜ್ ಸೋಲುವುದು ಹೆಚ್ಚಾಗಿ ಇಲ್ಲಿ. ಹಾಕುವವರು ಯಂತ್ರವನ್ನು ಫ್ಯಾಕ್ಟರಿಯಿಂದ ಬಂದ ‘ಸೆಲ್ಫ್ ಯೂಸ್’ ಮೋಡ್‌ನಲ್ಲೇ ಬಿಟ್ಟು ಹೋಗುತ್ತಾರೆ. ಆ ಮೋಡ್‌ನಲ್ಲಿ ಸೂರ್ಯ ಮುಳುಗುತ್ತಲೇ ಇಡೀ ಮನೆ ಬ್ಯಾಟರಿಯಿಂದ ಉಣ್ಣಲು ಶುರುಮಾಡುತ್ತದೆ. ರಾತ್ರಿ 11ರ ಹೊತ್ತಿಗೆ ಅದು 20 ಪರ್ಸೆಂಟ್‌ಗೆ ಬಂದಿರಬಹುದು. ಹನ್ನೆರಡಕ್ಕೆ ಗಾಳಿ-ಮಳೆಗೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೇ ಫ್ಯಾನೂ ಇಲ್ಲ, ಫ್ರಿಜ್ಜೂ ಇಲ್ಲ. ‘ಬ್ಯಾಟರಿ ಡಬ್ಬಾ’ ಎಂಬ ದೂರುಗಳಲ್ಲಿ ದೊಡ್ಡ ಪಾಲು ಇದೇ. ‘ಬ್ಯಾಕಪ್’ ಮೋಡ್‌ಗೆ ಹಾಕಿಸಿ, ಅಥವಾ ಗ್ರಿಡ್ ಇರುವಾಗ ಬ್ಯಾಟರಿ 80 ಪರ್ಸೆಂಟ್‌ಗಿಂತ ಕೆಳಗೆ ಇಳಿಯದಂತೆ ರಿಸರ್ವ್ ಕೊಡಿಸಿ. ಗ್ರಿಡ್ ಇಲ್ಲದಾಗ 10 ಪರ್ಸೆಂಟ್‌ವರೆಗೆ ಇಳಿಯಲು ಬಿಡಬಹುದು. ಇವೆರಡೂ ಬೇರೆ ಬೇರೆ ಸೆಟ್ಟಿಂಗ್‌ಗಳು, ಎರಡನ್ನೂ ಕೇಳಿ ನೋಡಿಕೊಳ್ಳಿ. ಸದಾ ನೂರರಲ್ಲಿ ಇಡುವುದೂ ಬೇಡ, ಬಿಸಿ ಜಾಗದಲ್ಲಿ ಪೂರ್ತಿ ತುಂಬಿ ಕೂತ ಲಿಥಿಯಂ ಬೇಗ ಮುದಿಯಾಗುತ್ತದೆ. ಆದರೆ ತಿಂಗಳಿಗೊಮ್ಮೆ 100ರವರೆಗೆ ತುಂಬಲೇಬೇಕು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನ ವೋಲ್ಟೇಜ್ ಅರ್ಧ ತುಂಬಿದಾಗಲೂ ಮುಕ್ಕಾಲು ತುಂಬಿದಾಗಲೂ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಬಿಎಂಎಸ್ (ಬ್ಯಾಟರಿಯೊಳಗೆ ಅದನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಒಳಹೊರ ಹೋದ ಕರೆಂಟ್ ಎಣಿಸುತ್ತ ಅಂದಾಜಿನಲ್ಲಿ ಸಾಗುತ್ತದೆ. ಪೂರ್ತಿ ತುಂಬಿದಾಗಲೇ ಅದು ತನ್ನ ಎಣಿಕೆ ತಿದ್ದಿಕೊಳ್ಳುವುದು, 16 ಸೆಲ್‌ಗಳನ್ನು ಸಮ ಮಾಡುವುದು. ಆ್ಯಪ್‌ನಲ್ಲಿ 40 ಪರ್ಸೆಂಟ್ ತೋರಿಸುತ್ತ ಏಕಾಏಕಿ ಆಫ್ ಆಗುವ ಬ್ಯಾಟರಿಗೆ ಮೊದಲು ಮಾಡಬೇಕಾದ ಮದ್ದು ಒಂದು ಪೂರ್ತಿ ಚಾರ್ಜ್.

ಬ್ಯಾಟರಿಯ ಅಳತೆಯನ್ನು ಪ್ಯಾನಲ್ ನೋಡಿ ಹೇಳುವ ರೂಢಿಯಿದೆ: 3 ಕಿಲೋವ್ಯಾಟ್‌ಗೆ ಒಂದು, 5ಕ್ಕೆ ಎರಡು. ಇದಕ್ಕೆ ಆಧಾರವಿಲ್ಲ. ಅಳೆಯಬೇಕಾದ್ದು ರಾತ್ರಿಯ ಲೋಡ್. 51.2 ವೋಲ್ಟ್ × 100 ಆಂಪಿಯರ್-ಅವರ್ ಎಂದರೆ 5.12 ಯೂನಿಟ್, ಅದರಲ್ಲಿ ತೆಗೆಯಬಹುದಾದ್ದು ನೂರಕ್ಕೆ 90, ಅಂದರೆ 4.6, ಇನ್ವರ್ಟರ್ ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 4.3. ಈಗ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗಿನ ಖರ್ಚು ಹಾಕಿ. ಫ್ರಿಜ್ 0.55 ಯೂನಿಟ್. 30 ವ್ಯಾಟ್‌ನ ಮೂರು ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಹೊಸ ಮಾದರಿಯ) ಫ್ಯಾನ್ ಒಂಬತ್ತು ಗಂಟೆಗೆ 0.81. 9 ವ್ಯಾಟ್‌ನ ಆರು ಎಲ್‌ಇಡಿ ಐದು ಗಂಟೆಗೆ 0.27. ವೈಫೈ 0.16. ಟಿವಿ ಮೂರು ಗಂಟೆಗೆ 0.27, ಲ್ಯಾಪ್‌ಟಾಪ್ ಮೂರು ಗಂಟೆಗೆ 0.18. ಒಟ್ಟು ಸುಮಾರು 2.25. ಇನ್ವರ್ಟರ್ ತಾನೇ ತಿನ್ನುವ 50–60 ವ್ಯಾಟ್ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹನ್ನೊಂದು ಗಂಟೆಗೆ ಅದೊಂದೇ 0.6. ಎಲ್ಲ ಸೇರಿ 2.85. ಒಂದು ಬ್ಯಾಟರಿ ಧಾರಾಳ ಸಾಕು.

ಅದೇ ಮನೆಯಲ್ಲಿ 75 ವ್ಯಾಟ್‌ನ ಹಳೆಯ ಫ್ಯಾನ್‌ಗಳಿದ್ದರೆ ಫ್ಯಾನಿನ ಲೆಕ್ಕವೇ 2 ಯೂನಿಟ್ ದಾಟಿ ಒಟ್ಟು 4ಕ್ಕೆ ಮುಟ್ಟುತ್ತದೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಎರಡನೇ ಬ್ಯಾಟರಿಯ ಮಾತು ಬಂದಾಗ ಮೊದಲು ಫ್ಯಾನ್ ಬದಲಿಸಿ ಎನ್ನುವುದು ಇದಕ್ಕೇ. ಎಸಿ ಬೇಕೆಂದರೆ ಲೆಕ್ಕವೇ ಬೇರೆ. ಒಂದೂವರೆ ಟನ್‌ನ ಇನ್ವರ್ಟರ್ ಎಸಿ ಸರಾಸರಿ 800 ವ್ಯಾಟ್ ಎಳೆದರೂ ಐದು ಗಂಟೆಯಲ್ಲಿ 4 ಯೂನಿಟ್ ಮುಗಿಸುತ್ತದೆ.

ಶಕ್ತಿಯ ಲೆಕ್ಕ ಸರಿಹೋದರೂ ಕರೆಂಟಿನ ಲೆಕ್ಕ ತಪ್ಪಬಹುದು. ‘5 ಕಿಲೋವ್ಯಾಟ್ ಇನ್ವರ್ಟರ್’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಆದರೆ 100 ಆಂಪಿಯರ್-ಅವರ್‌ನ ಹಲವು ಬ್ಯಾಟರಿಗಳಿಂದ ನಿರಂತರವಾಗಿ ತೆಗೆಯಬಹುದಾದ್ದು 50 ಆಂಪಿಯರ್, ಅಂದರೆ ಎರಡೂವರೆ ಕಿಲೋವ್ಯಾಟ್. ರಾತ್ರಿ ಅದೇ ನಿಮ್ಮ ಮಿತಿ. ಡೇಟಾಶೀಟ್‌ನಲ್ಲಿ ‘ನಿರಂತರ ಡಿಸ್‌ಚಾರ್ಜ್ ಕರೆಂಟ್’ ಎಂಬ ಸಾಲು ಹುಡುಕಿ ಓದಿ. 100 ಆಂಪಿಯರ್ ಇದ್ದರೆ ಮಾತ್ರ 5 ಕಿಲೋವ್ಯಾಟ್‌ಗೆ ಅರ್ಥವಿದೆ. ಗೀಸರ್, ಇಂಡಕ್ಷನ್ ಒಲೆ, ಬೋರ್ ಪಂಪು ಬ್ಯಾಕಪ್ ಸಾಲಿನಿಂದ ಹೊರಗಿರಲಿ. 1 ಎಚ್‌ಪಿ ಪಂಪು ಓಡುವಾಗ 1 ಕಿಲೋವ್ಯಾಟ್ ತಿಂದರೂ ಎದ್ದೇಳುವ ಕ್ಷಣದಲ್ಲಿ ಐದಾರು ಪಟ್ಟು ಎಳೆಯುತ್ತದೆ. ಬಿಎಂಎಸ್ ಕೂಡಲೇ ಕೈ ಎತ್ತಿ ಇಡೀ ಮನೆ ಕತ್ತಲಾಗುತ್ತದೆ. ದೋಸೆ ಹಿಟ್ಟಿನ ವೆಟ್ ಗ್ರೈಂಡರ್ 150 ವ್ಯಾಟ್‌ನದ್ದು, ಮಿಕ್ಸರ್ 500–750ರದ್ದು, ಇವು ನಿಶ್ಚಿಂತೆಯಿಂದ ನಡೆಯುತ್ತವೆ.

ಬ್ಯಾಟರಿಯನ್ನು ಎಲ್ಲಿಡಿಸುತ್ತೀರಿ ಎಂಬುದರ ಮೇಲೆ ಅದರ ಬಾಳಿಕೆ ನಿಂತಿದೆ. ಪ್ಯಾನಲ್ಲಿಗೆ ಹತ್ತಿರವೆಂದು ಟೆರೇಸಿನ ಮೆಟ್ಟಿಲ ತಲೆಯ ತಗಡಿನ ಕೋಣೆಯಲ್ಲಿ ಇಟ್ಟುಬಿಡುತ್ತಾರೆ. ಏಪ್ರಿಲ್‌ನಲ್ಲಿ ಅಲ್ಲಿ 45 ಡಿಗ್ರಿ ದಾಟುವುದು ಕಷ್ಟವೇನಲ್ಲ. ಪ್ಯಾನಲ್ಲಿನ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಕೇಬಲ್ ಉದ್ದವಾದರೆ ನಷ್ಟ ಅಲ್ಪ, ಬ್ಯಾಟರಿ ಕೇಬಲ್ ಉದ್ದವಾಗಬಾರದು. ಆದ್ದರಿಂದ ಬ್ಯಾಟರಿ, ಇನ್ವರ್ಟರ್ ಎರಡೂ ಕೆಳಗಿನ ಮಹಡಿಯ ನೆರಳಿನ ಗೋಡೆಗೆ, ಒಂದೆರಡು ಮೀಟರ್ ಅಂತರದಲ್ಲಿ. 48 ವೋಲ್ಟ್‌ನಲ್ಲಿ 5 ಕಿಲೋವ್ಯಾಟ್ ಎಂದರೆ ನೂರು ಆಂಪಿಯರ್ ಮೀರಿದ ಕರೆಂಟ್. 25ರಿಂದ 35 ಚದರ ಮಿಲಿಮೀಟರ್ ತಾಮ್ರದ ಕೇಬಲ್, ಒತ್ತಿ ಕೂರಿಸಿದ ಲಗ್, ಡಿಸಿಗೆಂದೇ ಮಾಡಿದ ಫ್ಯೂಸ್ ಅಥವಾ ಬ್ರೇಕರ್ ಬೇಕು. ಮನೆಯ ಬೋರ್ಡಿನ, ಎಸಿ (ದಿಕ್ಕು ಬದಲಿಸುತ್ತ ಹರಿಯುವ) ಕರೆಂಟಿಗೆಂದು ಮಾಡಿದ ಎಂಸಿಬಿಯನ್ನು ಡಿಸಿ ಸಾಲಿಗೆ ಹಾಕಿದ್ದನ್ನು ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಸೊನ್ನೆಯೇ ಇಲ್ಲ, ಕಿಡಿ ಹಿಡಿದುಕೊಂಡೇ ಇದ್ದು ಬ್ರೇಕರನ್ನೇ ಕರಗಿಸುತ್ತದೆ.

ಲೆಡ್ ಆಸಿಡ್ ಟ್ಯುಬುಲರ್ ಬ್ಯಾಟರಿ ನಾಲ್ಕು ಹಾಕಿಸಿದರೆ ಅಗ್ಗವೆಂದು ಹೇಳುವವರೂ ಇದ್ದಾರೆ. 150 ಆಂಪಿಯರ್-ಅವರ್‌ನ ನಾಲ್ಕಕ್ಕೆ ಕಾಗದದ ಮೇಲೆ 7.2 ಯೂನಿಟ್, ಆಯುಷ್ಯ ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಡಿಸ್ಟಿಲ್ಡ್ ನೀರು, ಹೈಡ್ರೋಜನ್ ಹೋಗಲು ಗಾಳಿಯಾಡುವ ಜಾಗ ಬೇರೆ. ಹೊಸದಾಗಿ ಹಾಕಿಸುವವರಿಗೆ ನಾವು ಅದನ್ನು ಹೇಳುವುದಿಲ್ಲ.

ಈ ಪ್ಯಾಕೇಜ್‌ನಲ್ಲಿ ಅತಿ ಹೆಚ್ಚು ತಲೆನೋವು ತರುವ ಭಾಗ ಕೊಟೇಶನ್ನಿನಲ್ಲಿ ಬರೆದೇ ಇರುವುದಿಲ್ಲ: ಮನೆಯ ಒಳಗಿನ ವೈರಿಂಗ್. ಹೈಬ್ರಿಡ್ ಇನ್ವರ್ಟರಿನ ಬ್ಯಾಕಪ್ ಪೋರ್ಟ್‌ಗೆ ಪ್ರತ್ಯೇಕ ಚಿಕ್ಕ ಡಿಬಿ (ಸ್ವಿಚ್‌ಗಳ ವಿತರಣಾ ಪೆಟ್ಟಿಗೆ) ಬೇಕು. ಆ ಸಾಲುಗಳ ಫೇಸ್ ಮಾತ್ರವಲ್ಲ, ನ್ಯೂಟ್ರಲ್ ಕೂಡ ಪ್ರತ್ಯೇಕವಾಗಿರಬೇಕು. ಹಳೆಯ ಮನೆ-ಇನ್ವರ್ಟರ್‌ಗೆ ವೈರ್ ಎಳೆದವರು ಸಾಮಾನ್ಯವಾಗಿ ಫೇಸ್ ಬೇರೆ ಮಾಡಿ ನ್ಯೂಟ್ರಲ್ ಒಟ್ಟಿಗೇ ಬಿಟ್ಟಿರುತ್ತಾರೆ. ಅದೇ ವೈರಿಗೆ ಹೈಬ್ರಿಡ್ ಜೋಡಿಸಿದರೆ ಹೋದ ಕರೆಂಟ್ ಬೇರೆ ದಾರಿಯಲ್ಲಿ ಮರಳುತ್ತದೆ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಾಲನ್ನು ಕಡಿಯುವ ಸ್ವಿಚ್) ಕಾರಣವಿಲ್ಲದೆ ಬೀಳುತ್ತಲೇ ಇರುತ್ತದೆ. ಕೊನೆಗೆ ಯಾರೋ ಬಂದು ಆರ್‌ಸಿಸಿಬಿಯನ್ನೇ ಕಿತ್ತು ನೇರ ಜೋಡಿಸಿ ಹೋಗುತ್ತಾರೆ. ಜೀವ ಕಾಯುವ ಸಾಧನವನ್ನು ಕಿತ್ತು ಹಾಕುವ ಈ ರೂಢಿ ನಿಜಕ್ಕೂ ಭಯ ಹುಟ್ಟಿಸುತ್ತದೆ. ನ್ಯೂಟ್ರಲ್ ಬೇರೆ ಮಾಡಲು ಎಲೆಕ್ಟ್ರಿಷಿಯನ್‌ಗೆ ಒಂದೆರಡು ದಿನದ ಕೆಲಸ, ಅದನ್ನು ಮೊದಲೇ ಒಪ್ಪಂದದಲ್ಲಿ ಬರೆಸಿ. ಇನ್ನೊಂದು: ಗ್ರಿಡ್ ಇಲ್ಲದಾಗ ಬ್ಯಾಕಪ್ ಸಾಲಿನಲ್ಲಿ ನ್ಯೂಟ್ರಲ್-ಅರ್ತ್ ಜೋಡಣೆ ಇರದಿದ್ದರೆ ಶಾಕ್ ಹೊಡೆದರೂ ಆರ್‌ಸಿಸಿಬಿ ಬೀಳದೇ ಇರಬಹುದು. ಹಲವು ಇನ್ವರ್ಟರ್‌ಗಳಲ್ಲಿ ಇದಕ್ಕೆ ಒಳಗೇ ರಿಲೇ ಇರುತ್ತದೆ. ಇದೆಯೇ, ಚಾಲೂ ಮಾಡಿದ್ದಾರೆಯೇ, ಕೇಳಲೇಬೇಕು. ಮನೆಗೆ ತ್ರೀ ಫೇಸ್ ಇದ್ದು ಇನ್ವರ್ಟರ್ ಸಿಂಗಲ್ ಫೇಸ್‌ನದ್ದಾದರೆ ಬ್ಯಾಕಪ್ ಸಿಗುವುದು ಅದರ ಡಿಬಿಗೆ ತಂದ ಸಾಲುಗಳಿಗೆ ಮಾತ್ರ.

ಪ್ಯಾನಲ್‌ಗಳ ಬಗ್ಗೆ ದೂರು ಕಡಿಮೆ. 3.27 ಕಿಲೋವ್ಯಾಟ್ ಪುಣೆಯಲ್ಲಿ ವರ್ಷದ ಸರಾಸರಿ ದಿನಕ್ಕೆ ಸುಮಾರು 13 ಯೂನಿಟ್ ಕೊಡುತ್ತದೆ. ಬೇಸಿಗೆಯಲ್ಲಿ 15 ಮುಟ್ಟುತ್ತದೆ, ಜುಲೈ-ಆಗಸ್ಟ್‌ನಲ್ಲಿ 7–9ಕ್ಕೆ ಇಳಿಯುತ್ತದೆ. ಮೇ ಮಧ್ಯಾಹ್ನ ಆ್ಯಪ್‌ನಲ್ಲಿ 2.7 ಕಿಲೋವ್ಯಾಟ್‌ನ ಮೇಲೆ ಏರದಿದ್ದರೆ ಗಾಬರಿಯಾಗಬೇಡಿ. ಸೆಲ್ 65 ಡಿಗ್ರಿಗೆ ಕಾದಾಗ ಪ್ರತಿ ಡಿಗ್ರಿಗೆ ನೂರಕ್ಕೆ 0.34ರಂತೆ ಸುಮಾರು 13–14 ಪರ್ಸೆಂಟ್ ಹೋಗುತ್ತದೆ, ಅದು ಸಹಜ. ಪುಣೆ 18.5 ಡಿಗ್ರಿ ಅಕ್ಷಾಂಶದಲ್ಲಿದೆ. ದಕ್ಷಿಣಕ್ಕೆ ಮುಖ, 15–20 ಡಿಗ್ರಿ ಓರೆ ಸಾಕು.

ಆರು ಪ್ಯಾನಲ್ಲನ್ನೂ ಒಂದೇ ಸ್ಟ್ರಿಂಗ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸಾಲಾಗಿ, ಜೋಡಿಸಬೇಕು. ಒಂದರ ಓಪನ್ ಸರ್ಕ್ಯೂಟ್ (ಲೋಡ್ ಇಲ್ಲದಾಗಿನ) ವೋಲ್ಟೇಜ್ ಸುಮಾರು 49.5, ಆರಕ್ಕೆ 297, ಜನವರಿಯ 10 ಡಿಗ್ರಿ ಚಳಿಯ ಬೆಳಿಗ್ಗೆ 309. ಇನ್ವರ್ಟರ್ ಮಿತಿ 500 ಇದ್ದರೆ ನಿರಾಳ. ಟೆರೇಸಿನ ಎರಡು ಮೂಲೆಗೆ ಮೂರು-ಮೂರು ಹಂಚುತ್ತೇವೆ ಎಂದರೆ ಒಪ್ಪಬೇಡಿ: ಮೂರರ ಕೆಲಸದ ವೋಲ್ಟೇಜ್ 125ರ ಆಸುಪಾಸು, ಬಿಸಿಯಲ್ಲಿ 110ಕ್ಕೆ ಇಳಿದು 120ರಿಂದ ಶುರುವಾಗುವ ಎಂಪಿಪಿಟಿಯ (ಪ್ಯಾನಲ್ಲಿನಿಂದ ಗರಿಷ್ಠ ಶಕ್ತಿ ಎಳೆಯುವ ಇನ್ವರ್ಟರ್ ಭಾಗದ) ವ್ಯಾಪ್ತಿಯ ಕೆಳಗೆ ಜಾರುತ್ತದೆ. ಒಳ್ಳೆಯ ಬಿಸಿಲಿದ್ದಾಗಲೇ ಉತ್ಪಾದನೆ ಕುಂಟುತ್ತದೆ. ಮುಂದೆ ಹತ್ತಕ್ಕೆ ಏರಿಸಿ ಒಂದೇ ಸ್ಟ್ರಿಂಗ್ ಮಾಡಿದರೆ ಅತ್ತ ಕಡೆಯ ತಪ್ಪು, ಚಳಿಯಲ್ಲಿ 515 ವೋಲ್ಟ್ ಆಗಿ ಇನ್ವರ್ಟರ್ ಸುಡಬಹುದು, ವಾರಂಟಿಯೂ ಸಿಗದು.

ಸ್ಟ್ರಕ್ಚರ್ ವಿಷಯದಲ್ಲಿ ಪುಣೆಯ ಟೆರೇಸ್‌ಗಳಿಗೆ ಒಂದು ವಿಶೇಷ ಎಚ್ಚರಿಕೆ. ಇಲ್ಲಿ ಸ್ಲ್ಯಾಬ್ ಮೇಲೆ ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಸಿಮೆಂಟಿನ ಪದರ) ಹಾಕಿ ನೀರು ತಡೆದಿರುತ್ತಾರೆ. ಅದರೊಳಗೆ ಡ್ರಿಲ್ ಹೊಡೆದು ಆ್ಯಂಕರ್ ಕೂರಿಸಿದರೆ ಮೊದಲ ಮಳೆಗಾಲದಲ್ಲಿ ಕೆಳಗಿನ ಕೋಣೆಯ ಮಾಳಿಗೆ ಜಿನುಗುತ್ತದೆ. ಕೋಬಾ ಒಳಗೆ ಹರಿದ ನೀರು ತೂತಿನಿಂದ ದೂರದಲ್ಲೆಲ್ಲೋ ಹೊರಬರುವುದರಿಂದ ಜಾಗ ಸಿಗುವುದೇ ಇಲ್ಲ. ಕೋಬಾ ಮೇಲೆಯೇ ಕಾಂಕ್ರೀಟ್ ಬ್ಲಾಕ್ ಎರಕ ಹೊಯ್ದು ಅದರಲ್ಲಿ ಕಾಲು ನಿಲ್ಲಿಸುವುದು ಸರಿ, ಅಥವಾ ಪ್ಯಾರಾಪೆಟ್ ಬೀಮ್‌ಗೆ ಹಿಡಿಸುವುದು. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಪುಣೆಗೆ ಮೂಲ ಗಾಳಿ ವೇಗ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44. ಟೆರೇಸ್ ಬಳಕೆಗೆ ಉಳಿಯಲೆಂದು ಎಂಟು ಅಡಿ ಎತ್ತರದ ಸ್ಟ್ರಕ್ಚರ್ ಮಾಡಿಸುವವರು ಬ್ಲಾಕ್ ತೂಕದ ಲೆಕ್ಕವನ್ನು ಎಂಜಿನಿಯರ್ ಸಹಿಯೊಡನೆ ಕೇಳಲಿ. ನೀರಿನ ಟ್ಯಾಂಕಿನ ನೆರಳು ಡಿಸೆಂಬರಿನಲ್ಲಿ ಬಹಳ ಉದ್ದ. ಬೇಸಿಗೆಯಲ್ಲಿ ಜಾಗ ನೋಡಿ ನಿರ್ಧರಿಸುವವರು ಇದನ್ನು ಮರೆಯುತ್ತಾರೆ. ಪ್ಯಾನಲ್ ಅಡಿಗೆ ಸುತ್ತ ಜಾಲರಿ ಹಾಕಿಸಿ, ಪಾರಿವಾಳ ಬಿಡುವುದಿಲ್ಲ. ತೊಳೆಯಲು ಬೋರ್‌ವೆಲ್‌ನ ಗಡಸು ನೀರು ಬೇಡ, ಬಿಳಿ ಪದರ ಕೂರುತ್ತದೆ.

ಕಾಗದಪತ್ರದ ಕೆಲಸ ಈಗ ಮೊದಲಿನಷ್ಟು ಕಷ್ಟವಿಲ್ಲ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಬ್ಸಿಡಿ. ಬ್ಯಾಟರಿಗೆ ಒಂದು ಪೈಸೆಯೂ ಇಲ್ಲ. ಪ್ಯಾನಲ್‌ನ ಸೆಲ್‌ಗಳೂ ಭಾರತದಲ್ಲೇ ತಯಾರಾಗಿರಬೇಕು, ಅದಕ್ಕೆ ಡಿಸಿಆರ್ ಪ್ಯಾನಲ್ ಎನ್ನುತ್ತಾರೆ. ಅಗ್ಗದ ಕೊಟೇಶನ್‌ನಲ್ಲಿ ಡಿಸಿಆರ್ ಅಲ್ಲದ್ದು ಬಂದರೆ ಸಬ್ಸಿಡಿ ಹೋಯಿತು. ಸೀರಿಯಲ್ ನಂಬರ್‌ಗಳ ಪಟ್ಟಿಯನ್ನು ಕೈಗೆ ತೆಗೆದುಕೊಂಡೇ ಹಣ ಕೊಡಿ. ಬಿಲ್‌ನಲ್ಲಿ ‘ಮಂಜೂರ್ ಭಾರ’ (ಮಂಜೂರಾದ ಲೋಡ್) ಎಂದು ಬರೆದದ್ದು ನೋಡಿ. ಅದು ಸೋಲಾರ್ ಸಾಮರ್ಥ್ಯಕ್ಕಿಂತ ಕಡಿಮೆಯಿದ್ದರೆ ಲೋಡ್ ಏರಿಸಬೇಕು. ಬಿಲ್ ಇನ್ನೂ ಹಿಂದಿನ ಮಾಲೀಕರ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾಯಿಸಿ, ಸಬ್ಸಿಡಿ ಅರ್ಜಿ ಸಿಕ್ಕಿಬೀಳುವುದು ಇಲ್ಲಿಯೇ. ಬಳಕೆ ಪೂರ್ತಿ ಸರಿದೂಗಿದರೂ ‘ಸ್ಥಿರ ಆಕಾರ’ (ನಿಗದಿತ ಶುಲ್ಕ) ತಿಂಗಳು ತಿಂಗಳು ಬರುತ್ತದೆ. ದರದ ಹಂತಗಳು 100, 300, 500 ಯೂನಿಟ್‌ಗೆ ಬದಲಾಗುವುದರಿಂದ ತಿಂಗಳಿಗೆ 350–400 ಸುಡುವ ಮನೆಗೆ ಉಳಿತಾಯ ಮೇಲಿನ ದುಬಾರಿ ಹಂತದಿಂದ ಶುರುವಾಗುತ್ತದೆ. ಈ ಆರು ಪ್ಯಾನಲ್ ಅಂಥ ಮನೆಗೇ ಹೇಳಿಮಾಡಿಸಿದ್ದು. ತಿಂಗಳಿಗೆ 120 ಯೂನಿಟ್ ಬಳಸುವವರಿಗೆ ಇದು ದೊಡ್ಡದಾಯಿತು.

ಫ್ಲ್ಯಾಟ್‌ನವರಿಗೆ ಈ ಪ್ಯಾಕೇಜ್ ಬೇಡ. ಟೆರೇಸ್ ಸೊಸೈಟಿಯದ್ದು, ಲಿಫ್ಟ್, ಪಂಪು, ಮೆಟ್ಟಿಲ ದೀಪಗಳಿಗೆ ಸೊಸೈಟಿಯೇ ಕಿಲೋವ್ಯಾಟ್‌ಗೆ 18,000ದ ಸಬ್ಸಿಡಿ ಪಡೆದು ಬ್ಯಾಟರಿಯಿಲ್ಲದ ಸೋಲಾರ್ ಹಾಕಿಸುವುದು ಜಾಣತನ. ನಿಮ್ಮ ಫ್ಲ್ಯಾಟ್‌ನ ಫ್ಯಾನು-ದೀಪಕ್ಕೆ ಗ್ರಿಡ್‌ನಿಂದಲೇ ಚಾರ್ಜ್ ಆಗುವ ಸಣ್ಣ ಲಿಥಿಯಂ ಇನ್ವರ್ಟರ್ ಸಾಕು. ಮುಂಬೈ ನಗರದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋದ 2020ರ ಅಕ್ಟೋಬರ್ 12ರಂಥ ದಿನಗಳು ಅಪರೂಪ; ಅಲ್ಲಿ ಬ್ಯಾಟರಿಗೆ ಕೊಡುವ ಹಣಕ್ಕೆ ಕೆಲಸವೇ ಸಿಗುವುದಿಲ್ಲ. ಗೋವಾದ ಕರಾವಳಿಯ ಮನೆಗೆ ಹೈಬ್ರಿಡ್ ಹೊಂದುತ್ತದೆ, ಆದರೆ ಉಪ್ಪು ಗಾಳಿಗೆ ಸಾಲ್ಟ್ ಮಿಸ್ಟ್ ಪರೀಕ್ಷೆ ಪಾಸಾದ ಪ್ಯಾನಲ್, 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ಬೇಕು. ಅಲ್ಲಿನ ಜಂಬಿಟ್ಟಿಗೆ ನೆಲದಲ್ಲಿ ಅರ್ತಿಂಗ್ ಸುಲಭಕ್ಕೆ ಹಿಡಿಯುವುದಿಲ್ಲ, ಆಳದ ಅಥವಾ ಎರಡು-ಮೂರು ಪಿಟ್ ಜೋಡಿಸಬೇಕಾಗುತ್ತದೆ.

ಕೊನೆಯ ಕಂತು, ಕನಿಷ್ಠ ನೂರಕ್ಕೆ ಹತ್ತು, ನೆಟ್ ಮೀಟರ್ ಕೂತು ಈ ಪರೀಕ್ಷೆಗಳು ಮುಗಿದ ಮೇಲೆ ಕೊಡಿ. ಅರ್ತ್ ಟೆಸ್ಟರ್‌ನಲ್ಲಿ 5 ಓಮ್‌ಗಿಂತ ಕಡಿಮೆ ತೋರಿಸಬೇಕು. ಸ್ಟ್ರಕ್ಚರ್, ಇನ್ವರ್ಟರ್, ಮಿಂಚುನಿರೋಧಕ, ಮೂರಕ್ಕೂ ಬೇರೆ ಬೇರೆ ಪಿಟ್. ಮೇನ್ ಸ್ವಿಚ್ ಇಳಿಸಿದರೆ ಫ್ರಿಜ್, ವೈಫೈ ನಿಲ್ಲದೆ ನಡೆಯಬೇಕು. ಆ ಸ್ಥಿತಿಯಲ್ಲೇ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ಅದು ಬೀಳಬೇಕು. ಗುಂಡಿ ಸಾಧನವನ್ನಷ್ಟೇ ಪರೀಕ್ಷಿಸುತ್ತದೆ, ನ್ಯೂಟ್ರಲ್-ಅರ್ತ್ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಬೇರೆಯಾಗಿ ನೋಡಬೇಕು. ಬ್ಯಾಟರಿ-ಇನ್ವರ್ಟರ್ ನಡುವಿನ ಸಂವಹನ ಕೇಬಲ್ ಜೋಡಿಸಿದ್ದಾರೆಯೇ, ಆ್ಯಪ್‌ನಲ್ಲಿ ಬಿಎಂಎಸ್‌ನ ಉಷ್ಣತೆ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಇನ್ವರ್ಟರ್ ಬರೀ ವೋಲ್ಟೇಜ್ ಅಂದಾಜಿನಲ್ಲಿ ಚಾರ್ಜ್ ಮಾಡುತ್ತಿದೆ ಎಂದು ತಿಳಿಯಿರಿ. ಆಮೇಲೆ ಬ್ಯಾಟರಿಯನ್ನು 100ಕ್ಕೆ ತುಂಬಿ, ಸೂರ್ಯ ಮುಳುಗಿದ ಮೇಲೆ ಗ್ರಿಡ್ ಆಫ್ ಮಾಡಿ, ಸುಮಾರು 500 ವ್ಯಾಟ್‌ನ ಲೋಡ್ ಹಚ್ಚಿಟ್ಟು ಗಡಿಯಾರ ನೋಡಿ. 10 ಪರ್ಸೆಂಟ್‌ಗೆ ಇಳಿಯಲು ಏಳೂವರೆಯಿಂದ ಎಂಟು ಗಂಟೆ ಹಿಡಿಯಬೇಕು. ಐದಾರು ಗಂಟೆಗೇ ನಿಂತರೆ ಇನ್ನೊಮ್ಮೆ ಪೂರ್ತಿ ಚಾರ್ಜ್ ಮಾಡಿ ಪರೀಕ್ಷಿಸಿ. ಆಗಲೂ ಅಷ್ಟೇ ಬಂದರೆ ಬ್ಯಾಟರಿ ಬದಲಿಸಿ ಕೊಡಿ ಎಂದು ಬರಹದಲ್ಲಿ ಕೇಳಿ, ಆ್ಯಪ್‌ನ ಗ್ರಾಫ್‌ನ ಸ್ಕ್ರೀನ್‌ಶಾಟ್ ಜೊತೆಗಿರಲಿ.